ವಿಶ್ವಾಸಿಯೂ ಅವನ ಹಳೆಯ ಕಾರೂ



ತಳಕು ಗ್ರಾಮವು ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆ ಇರುವದು ನಿಮಗೆಲ್ಲಾ ತಿಳಿದದ್ದೇ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಯ್ಯನವರು ಬಳ್ಳಾರಿಗೆ ಬಂದು ನೆಲಸಿದ ಕಾಲದಲ್ಲಿ ಈ ಸೀಮೆಯ ಸ್ಥಿತಿವಂತರಿಗೆ ಎತ್ತಿನ ಗಾಡಿಯೂ ಕುದುರೆಯೂ ಇದ್ದವು. ಮಿಕ್ಕವರಿಗೆ ಸ್ವಂತ ಕಾಲುಗಳೇ ವಾಹನವಾಗಿದ್ದವು. ಈಗ ಅದೇ ಬಯಲಿನಲ್ಲಿ ಹಗಲಿರುಳೂ ಲಾರಿ, ಬಸ್ಸು, ಕಾರುಗಳು ಓಡುತ್ತಲಿವೆ. ನಮ್ಮ ಸಭೆಗಳಿಗೆ ಸೇರಿದ ಕೆಲವು ಮನೆಗಳ ಅಂಗಳದಲ್ಲಿಯೂ ಕಾರು ನಿಂತಿರುತ್ತದೆ. ಆದಕಾರಣ ಕಾರನ್ನು ಕೊಳ್ಳುವದು, ಇಟ್ಟುಕೊಳ್ಳುವದು, ನಡಿಸುವದು, ಮಾರುವದು, ಇವುಗಳ ವಿಷಯದಲ್ಲಿ ವಿಶ್ವಾಸಿಯು ದೇವರ ಮುಂದೆ ಹೇಗಿರತಕ್ಕದ್ದೆಂಬದನ್ನು ಈ ತಿಂಗಳು ಆಲೋಚಿಸೋಣ.

ಎಲ್ಲಾ ಕಾರುಗಳ ಮಾತನ್ನೂ ನಾವು ಇಲ್ಲಿ ಎತ್ತುವದಿಲ್ಲ. ಒಂದು ಬಗೆಯ ಕಾರಿನ ಮಾತೇ ಹೆಚ್ಚಾಗಿ ಕಿವಿಗೆ ಬೀಳುತ್ತಿದೆ. ಪಟ್ಟಣದ ದೊಡ್ಡ ಉದ್ಯೋಗಸ್ಥರೂ ವರ್ತಕರೂ ಹೊಸದಾಗಿ ಕೊಂಡು, ಹತ್ತು ಹದಿನೈದು ವರುಷ ನಡಿಸಿ, ಕೈಬಿಟ್ಟ ಡಿಕ್ಕಿಯುಳ್ಳ ಉದ್ದ ಕಾರುಗಳೇ ಅವು. ನಮ್ಮ ನಾಡಿನ ಬಿಡದಿಯ ಕಾರ್ಖಾನೆಯಲ್ಲಿ 2003ರಿಂದ ತಯಾರಾಗಿ, 2020ರಲ್ಲಿ ಮಾರಾಟ ನಿಂತ ಟೊಯೋಟಾ ಕೊರೋಲಾ ಒಂದು. ಆಗ ಔರಂಗಾಬಾದೆಂಬ ಹೆಸರಿದ್ದ ಊರಿನ ಬಳಿ 2001ರಿಂದ ಜೋಡಿಸಲ್ಪಟ್ಟ ಸ್ಕೋಡಾ ಆಕ್ಟೇವಿಯಾ ಮತ್ತೊಂದು. ಹೊಸದಾಗಿದ್ದಾಗ ಇವುಗಳಿಗೆ ಹತ್ತು ಲಕ್ಷ ರೂಪಾಯಿಯೂ ಅದಕ್ಕಿಂತ ಮೇಲೆಯೂ ಆಗುತ್ತಿತ್ತು. ಈಗ ಅದೇ ಕಾರು ಬೆಂಗಳೂರಿನ ದಲ್ಲಾಳಿಯ ಅಂಗಳದಲ್ಲಿ ಒಂದು ಜೋಡಿ ಒಳ್ಳೇ ಎತ್ತಿನ ಬೆಲೆಗೆ ಬಹಳ ದೂರವಿಲ್ಲದ ಬೆಲೆಗೆ ದೊರೆಯುತ್ತದೆ. ಶೇಂಗಾ ಒಂದು ವರುಷ ಚೆನ್ನಾಗಿ ಬಂದರೆ, ಮಗನು ಪಟ್ಟಣದ ಸಂಬಳದಲ್ಲಿ ಸ್ವಲ್ಪ ಉಳಿಸಿದರೆ, ಅದು ನಮ್ಮ ಕೇರಿಗೂ ಬರುತ್ತದೆ.

ಬಂದ ಕೂಡಲೇ ಸಭೆಯಲ್ಲಿ ಎರಡು ಮಾತು ಹುಟ್ಟುತ್ತವೆ. ಹಿರಿಯರಲ್ಲಿ ಕೆಲವರು, “ಕರ್ತನು ಎರವಲು ತಂದ ಕತ್ತೆಯ ಮೇಲೆ ಪಟ್ಟಣಕ್ಕೆ ಬಂದನು, ಅವನ ಶಿಷ್ಯನಿಗೆ ಸಾಹುಕಾರರ ಕಾರು ಯಾಕೆ?” ಅನ್ನುತ್ತಾರೆ. ಕೊಂಡವನಾದರೋ, “ನಾನು ಕದಿಯಲಿಲ್ಲ, ಬೇಡಲಿಲ್ಲ, ನನ್ನ ದುಡ್ಡಿನಿಂದ ಅಗ್ಗವಾಗಿ ಕೊಂಡೆನು, ಇನ್ನೊಬ್ಬರಿಗೆ ಇದರಲ್ಲಿ ಏನು?” ಅನ್ನುತ್ತಾನೆ. ಈ ಎರಡು ಮಾತುಗಳೂ ಅರ್ಧ ಸತ್ಯವೆಂದು ನಮಗೆ ತೋರುತ್ತದೆ. ಹೇಗಂದರೆ, ಕಾರನ್ನು ಹೊಂದುವದು ಪಾಪವಲ್ಲ. ಆದರೆ ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆಯೇ ಹೊರತು, ಅದರ ಯಜಮಾನನ ಹೊಣೆ ಇಳಿಯುವದಿಲ್ಲ. ಇದನ್ನೇ ಕ್ರಮವಾಗಿ ತೋರಿಸುತ್ತೇವೆ.

ಒಂದನೆಯದು, ಹೊಂದುವದು ತಕ್ಕದ್ದೋ ಅಲ್ಲವೋ ಎಂಬದು.

ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಐಥಿಯೋಪ್ಯದ ರಾಣಿಯ ಬೊಕ್ಕಸದ ಅಧಿಕಾರಿಯಾದ ಕಂಚುಕಿಯು ಗಾಜಾಕ್ಕೆ ಹೋಗುವ ಅಡವಿಯ ದಾರಿಯಲ್ಲಿ ತನ್ನ ರಥದಲ್ಲಿ ಕೂತು ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಅದು ಬಡವನ ವಾಹನವಲ್ಲ, ದೊಡ್ಡ ಉದ್ಯೋಗಸ್ಥನ ರಥ. ಪವಿತ್ರಾತ್ಮನು ಫಿಲಿಪ್ಪನಿಗೆ ಆ ರಥವನ್ನು ಬಿಟ್ಟು ದೂರ ಹೋಗೆಂದು ಹೇಳದೆ, ಅದರ ಸಮೀಪಕ್ಕೆ ಹೋಗೆಂದು ಹೇಳಿದನು. ಫಿಲಿಪ್ಪನು ಹತ್ತಿ ಅವನ ಮಗ್ಗುಲಲ್ಲಿ ಕೂತನು. ದೀಕ್ಷಾಸ್ನಾನಕ್ಕಾಗಿ ಇಬ್ಬರೂ ರಥದಿಂದ ಇಳಿದರು. ಆ ಬಳಿಕ ಕಂಚುಕಿಯು ರಥವನ್ನು ಮಾರಿ ನಡೆದು ಹೋದನೆಂದು ಬರೆದಿಲ್ಲ. ಸಂತೋಷವುಳ್ಳವನಾಗಿ ತನ್ನ ದಾರಿಯನ್ನು ಹಿಡಿದನೆಂದೇ ಬರೆದಿದೆ. ಆ ರಥದಲ್ಲಿ ಹೇಳತಕ್ಕ ಎರಡು ಗುಣಗಳಿದ್ದವು. ದಾರಿಹೋಕನಿಗಾಗಿ ಅದು ನಿಲ್ಲುತ್ತಿತ್ತು. ಅದರಲ್ಲಿ ಇನ್ನೊಬ್ಬನಿಗೆ ಸ್ಥಳವಿತ್ತು.

ಇನ್ನೂ ಒಂದು ಮಾತನ್ನು ಹಿರಿಯರು ಮರೆಯಬಾರದು. ನಮ್ಮ ಸಭೆಗಳಲ್ಲಿ ಅನೇಕರ ಅಜ್ಜಂದಿರು ಮೇಲುಕೇರಿಯಲ್ಲಿ ಕೆರವನ್ನು ಕೈಯಲ್ಲಿ ಹಿಡಿದು ನಡೆದವರು. ಗಾಡಿಯ ಮೇಲೆ ಕೂತು ಗೌಡರ ಮನೆಯ ಮುಂದೆ ಹಾದುಹೋಗಲು ಅಂಜಿದವರು. ಅಂಥವನ ಮೊಮ್ಮಗನು ಅದೇ ಬೀದಿಯಲ್ಲಿ ಕಾರಿನ ಚಕ್ರವನ್ನು ಹಿಡಿದು, ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವಾಗ ಆ ತಾಯಿಯ ಕಣ್ಣಿನಲ್ಲಿ ನೀರು ಬಂದರೆ ಅದನ್ನು ಗರ್ವವೆಂದು ಕರೆಯುವದಕ್ಕೆ ನಮ್ಮ ನಾಲಿಗೆ ಏಳುವದಿಲ್ಲ. ಬಗ್ಗಿದ ಬೆನ್ನು ನೆಟ್ಟಗಾದದ್ದು ದೇವರ ಕೃಪೆಯೇ. ನೆಟ್ಟಗಾದ ಬೆನ್ನು ಮತ್ತೊಬ್ಬನ ಬೆನ್ನನ್ನು ಬಗ್ಗಿಸಲು ಹೊರಟರೆ ಮಾತ್ರ ಅದು ಪಾಪವಾಗುತ್ತದೆ. ಆ ಮಾತಿಗೆ ಕಡೆಯಲ್ಲಿ ಬರುತ್ತೇವೆ.

ಎರಡನೆಯದು, ಸಾಕುವ ಹೊಣೆ.

ಆನೆಯನ್ನು ಕೊಳ್ಳುವದು ಸುಲಭ, ಸಾಕುವದು ಕಷ್ಟ. ಈ ಕಾರುಗಳು ಅಗ್ಗವಾಗಿ ದೊರೆಯುವದಕ್ಕೆ ಕಾರಣವೇನು? ಸಾಕುವ ಖರ್ಚು ಅಗ್ಗವಾಗಿಲ್ಲವೆಂಬದೇ ಮುಖ್ಯ ಕಾರಣ. ಹತ್ತು ಲಕ್ಷದ ಕಾರು ಎರಡು ಲಕ್ಷಕ್ಕೆ ಬಂದರೂ, ಅದರ ಬ್ರೇಕು, ದೀಪ, ಗೇರು ಪೆಟ್ಟಿಗೆ ಮುಂತಾದವುಗಳ ಬಿಡಿಭಾಗಗಳು ಹತ್ತು ಲಕ್ಷದ ಕಾರಿನ ಬಿಡಿಭಾಗಗಳೇ. ಹೊಸ ಯಜಮಾನನ ಚೀಲ ಚಿಕ್ಕದೆಂದು ತಿಳಿದು ಅವು ಬೆಲೆಯನ್ನು ತಗ್ಗಿಸಿಕೊಳ್ಳುವದಿಲ್ಲ. ಇದಲ್ಲದೆ, ಕಾರು ನೋಂದಣಿಯಾಗಿ 15 ವರುಷ ತುಂಬಿದ ಮೇಲೆ ತಪಾಸಣೆ ಮಾಡಿಸಿ ನೋಂದಣಿಯನ್ನು ಐದು ವರುಷಕ್ಕೆ ಹೊಸದು ಮಾಡಿಸತಕ್ಕದ್ದು. 2022ರ ಏಪ್ರಿಲಿನಿಂದ ಕಾರುಗಳಿಗೆ ಅದರ ಶುಲ್ಕವು 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಗೋಪುರವನ್ನು ಕಟ್ಟಲು ಮನಸ್ಸುಳ್ಳವನು ಮೊದಲು ಕೂತು ಲೆಕ್ಕ ಮಾಡಬೇಕೆಂದು ಕರ್ತನು ಲೂಕ 14ರಲ್ಲಿ ಕಲಿಸಿದನು. ಅಸ್ತಿವಾರ ಹಾಕಿ ಮುಗಿಸಲಾರದವನನ್ನು ನೋಡಿದವರು ನಗುವರು. ಹಳೆಯ ಕಾರನ್ನು ಕೊಂಡು ಸಾಕಲಾರದವನ ವಿಷಯದಲ್ಲಾದರೋ ನಗುವಷ್ಟಕ್ಕೆ ಮುಗಿಯುವದಿಲ್ಲ, ಅಳುವವರೂ ಇರುತ್ತಾರೆ.

ಯಾಕಂದರೆ, ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ನ್ಯಾಯವಿದೆ. ಎತ್ತು ಮೊದಲ ಸಾರಿ ಹಾಯ್ದರೆ ಯಜಮಾನನು ನಿರಪರಾಧಿ. ಆದರೆ ಹಾಯುವ ಗುಣ ಉಂಟೆಂದು ತಿಳಿದಿದ್ದೂ, ಜನರು ಎಚ್ಚರಿಸಿದ್ದೂ, ಅವನು ಅದನ್ನು ಕಟ್ಟದೆ ಬಿಟ್ಟಿದ್ದರೆ, ಆಗ ಸತ್ತವನ ರಕ್ತಕ್ಕೆ ಅವನೇ ಹೊಣೆ. ಧರ್ಮೋಪದೇಶಕಾಂಡ 22ರಲ್ಲಿ ಹೊಸ ಮನೆಯ ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕೆಂಬ ಆಜ್ಞೆಯೂ ಇದೇ ತಾತ್ಪರ್ಯವುಳ್ಳದ್ದು. ಮನೆ ನನ್ನದು, ಬೀಳುವವನು ಮತ್ತೊಬ್ಬನು. ಆದರೂ ಲೆಕ್ಕ ಕೊಡಬೇಕಾದವನು ನಾನು.

ಹಳೆಯ ಕಾರಿನ ಯಜಮಾನನು ತಿಳಿದಿರಬೇಕಾದ ಹಾಯುವ ಗುಣಗಳು ಯಾವವಂದರೆ: ಬ್ರೇಕಿನ ಎಣ್ಣೆಯು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಅಂಥ ಎಣ್ಣೆ ಬಿಸಿಯಾದಾಗ ಬೇಗನೆ ಕುದಿದು, ತುಳಿದರೂ ಬ್ರೇಕು ಹಿಡಿಯದ ಹಾಗೆ ಆಗಬಹುದು. ಆದಕಾರಣ ಸುಮಾರು ಎರಡು ವರುಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಟೈರಿನ ಗೀರುಗಳು ಸವೆಯದೆ ಚೆನ್ನಾಗಿ ಕಾಣುತ್ತಿದ್ದರೂ ರಬ್ಬರು ವರುಷಗಳಿಂದ ಗಟ್ಟಿಯಾಗಿ ಬಿರಿಯುತ್ತದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕೆಗಳನ್ನು ಒತ್ತಿರುತ್ತಾರೆ; ಮೊದಲೆರಡು ವಾರವನ್ನೂ ಕಡೆಯೆರಡು ವರುಷವನ್ನೂ ಸೂಚಿಸುತ್ತವೆ. 2314 ಎಂದಿದ್ದರೆ 2014ನೆಯ ವರುಷದ 23ನೆಯ ವಾರದ ಟೈರು. ಎತ್ತನ್ನು ಕೊಳ್ಳುವಾಗ ಹಲ್ಲು ನೋಡುವ ನಮ್ಮ ಜನರು ಈ ಅಂಕೆಯನ್ನೂ ನೋಡಲು ಕಲಿಯಲಿ. ಇವುಗಳನ್ನು ತಿಳಿದೂ, “ಬರುವ ಬೆಳೆಗೆ ನೋಡೋಣ” ಎಂದು ಹೆದ್ದಾರಿಗೆ ಹೋಗುವವನು ಹಾಯುವ ಎತ್ತನ್ನು ಕಟ್ಟದೆ ಸಂತೆಯಲ್ಲಿ ಬಿಟ್ಟವನಿಗೆ ಸಮಾನನು.

ಹೊಗೆಯ ಮಾತೂ ಹಾಗೆಯೇ. ಹಳೆಯ ಕಾರುಗಳು ಹಳೆಯ ನಿಯಮಗಳ ಪ್ರಕಾರ ಮಾಡಲ್ಪಟ್ಟವು. ಅದು ಯಜಮಾನನ ತಪ್ಪಲ್ಲ. ಆದರೆ ತಪಾಸಣೆಗೆ ಕಾರನ್ನು ಒಯ್ಯದೆಯೇ ದುಡ್ಡು ಕೊಟ್ಟು ಹೊಗೆಯ ಪ್ರಮಾಣಪತ್ರವನ್ನು ತರುವದು ಸುಳ್ಳು ತಕ್ಕಡಿಯೇ ಸರಿ. ಆ ಹೊಗೆಯನ್ನು ಕುಡಿಯುವದು ದಾರಿಯ ಮಗ್ಗುಲಿನ ಗುಡಿಸಲಿನ ಕೂಸು.

ಇಲ್ಲಿ ಒಬ್ಬರು ಕೇಳಬಹುದು: “ಅರ್ಧರಾತ್ರಿಯಲ್ಲಿ ಹೆರಿಗೆಯ ಬೇನೆಯವಳನ್ನು ಒಯ್ಯಬೇಕಾದಾಗ ಬ್ರೇಕು ಸರಿಯಿಲ್ಲವೆಂದು ಸುಮ್ಮನೆ ಕೂಡ್ರಬೇಕೋ?” ಇದು ಕಠಿಣವಾದ ಪ್ರಶ್ನೆಯೇ. ಆ ಗಳಿಗೆಯಲ್ಲಿ ಯಾವ ಕಡೆಗೆ ಹೋದರೂ ಪ್ರಾಣಭಯವುಂಟು. ಹೋಗುವವನು ಮೆಲ್ಲಗೆ ಹೋಗಲಿ, ಬೇರೆ ಗಾಡಿ ದೊರೆತರೆ ಅದನ್ನು ಹುಡುಕಲಿ ಎನ್ನುವದಕ್ಕಿಂತ ಹೆಚ್ಚೇನೂ ಹೇಳಲಾರೆವು. ಆದರೆ ಆ ಪ್ರಶ್ನೆಗೆ ನಿಜವಾದ ಉತ್ತರವು ಅರ್ಧರಾತ್ರಿಯಲ್ಲಿ ಇಲ್ಲ, ಹಗಲಿನಲ್ಲಿದೆ. ಹತ್ತು ಮಂದಿ ಕನ್ಯೆಯರಲ್ಲಿ ಐವರ ಎಣ್ಣೆ ಮುಗಿದದ್ದು ಮದಲಿಂಗನು ಬಂದ ಗಳಿಗೆಯ ತಪ್ಪಲ್ಲ. ಅದಕ್ಕೆ ಮೊದಲು ಅಂಗಡಿ ತೆರೆದಿದ್ದಾಗ ಅವರು ಮಾಡಿದ ಉದಾಸೀನದ ತಪ್ಪು.

ಮೂರನೆಯದು, ಕೊಳ್ಳುವ ಮಾರುವ ಸತ್ಯ.

ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿ ಸೊಲೊಮೋನನು ಕೊಳ್ಳುವವನ ನಡತೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾನೆ. ವಸ್ತುವಿನ ಮುಂದೆ ನಿಂತಾಗ ಅದನ್ನು ಹಳಿಯುತ್ತಾನೆ. ಕೊಂಡು ಮನೆಗೆ ಹೋಗುವಾಗ ತನ್ನ ಚಾತುರ್ಯವನ್ನು ಹೊಗಳಿಕೊಳ್ಳುತ್ತಾನೆ. ಮಾರುವವನ ನಡತೆಯೂ ಇದಕ್ಕೆ ಕಡಿಮೆಯಲ್ಲ. ದನದ ಸಂತೆಯಲ್ಲಿ ವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವಾಗ ಎತ್ತಿನ ಕುಂಟು ಕಾಣದಂತೆ ನಿಲ್ಲಿಸುವ ಜಾಣತನವನ್ನು ನಮ್ಮ ಜನರು ಬಲ್ಲರು. ಕಾರಿನಲ್ಲಿ ಆ ಜಾಣತನವು ಇನ್ನೂ ಆಳವಾದದ್ದು. ಓಡಿದ ದೂರವನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಿ, ಎರಡು ಲಕ್ಷ ಕಿಲೋಮೀಟರ್ ಓಡಿದ್ದನ್ನು ಎಂಭತ್ತು ಸಾವಿರವೆಂದು ತೋರಿಸುತ್ತಾರೆ. ಡಿಕ್ಕಿ ಹೊಡೆದು ನೆಗ್ಗಿದ್ದಕ್ಕೆ ಬಣ್ಣ ಬಳಿಯುತ್ತಾರೆ. ಕೆಟ್ಟ ಎಂಜಿನ್ನಿನ ಸದ್ದಡಗಲು ದಪ್ಪ ಎಣ್ಣೆ ಹುಯ್ಯುತ್ತಾರೆ.

ಒಬ್ಬ ಸಹೋದರನು ನಮ್ಮ ಬಳಿಗೆ ಬಂದು ಕೇಳಿದ ಮಾತನ್ನು ಇಲ್ಲಿ ಬರೆಯುತ್ತೇವೆ. ಅವನಲ್ಲಿ ಡೀಸೆಲಿನ ಹಳೆಯ ಆಕ್ಟೇವಿಯಾ ಇತ್ತು. ಆ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಎಂಬ ಒಂದು ಪಟ್ಟಿ ಇರುವದು. ಅದನ್ನು ನೇಮಕವಾದ ದೂರಕ್ಕೆ ಬದಲಾಯಿಸದೆ ಹೋದರೆ ಒಂದು ದಿನ ಹರಿದು, ಎಂಜಿನ್ನಿನ ಒಳಭಾಗವನ್ನೆಲ್ಲಾ ಮುರಿದುಹಾಕುತ್ತದೆ. ಹರಿಯುವ ವರೆಗೆ ಹೊರಗಿನಿಂದ ಏನೂ ತಿಳಿಯುವದಿಲ್ಲ. ಬದಲಾಯಿಸುವ ಕಾಲವು ಮೀರಿತೆಂದು ಮೆಕಾನಿಕನು ಅವನಿಗೆ ಹೇಳಿದ್ದನು. ಮಗಳ ನರ್ಸಿಂಗ್ ಶಾಲೆಯ ಶುಲ್ಕಕ್ಕಾಗಿ ಕಾರನ್ನು ಮಾರಬೇಕಾಯಿತು. ಪಕ್ಕದ ಹಳ್ಳಿಯ ಯೌವನಸ್ಥನೊಬ್ಬನು ಕೊಳ್ಳಲು ಬಂದು, ಬಣ್ಣವನ್ನೂ ಸೀಟುಗಳನ್ನೂ ನೋಡಿ ಸಂತೋಷಪಟ್ಟನೇ ಹೊರತು ಬೆಲ್ಟಿನ ಮಾತೆತ್ತಲಿಲ್ಲ. ನಮ್ಮ ಸಹೋದರನು, “ಉಪದೇಶಿಗಳೇ, ಅವನು ಕೇಳಿದರೆ ನಾನು ಸುಳ್ಳು ಹೇಳೆನು. ಕೇಳದಿದ್ದರೂ ನಾನೇ ಹೇಳಬೇಕೋ?” ಅಂದನು.

ಈ ಪ್ರಶ್ನೆಯಲ್ಲಿಯೇ ಧರ್ಮದ ತಿರುಳು ಅಡಗಿದೆ. ಕೊಳ್ಳುವವನೇ ಎಚ್ಚರವಾಗಿರಲಿ ಎಂಬದು ಸಂತೆಯ ನ್ಯಾಯ. ಆ ನ್ಯಾಯಕ್ಕೂ ಒಂದು ಮಿತಿಯುಂಟು: ಕೊಳ್ಳುವವನ ಕಣ್ಣಿಗೆ ಕಾಣುವದನ್ನು ಅವನು ನೋಡಿಕೊಳ್ಳಲಿ ಎನ್ನಬಹುದು. ಬಣ್ಣ ಮಾಸಿದ್ದನ್ನು ಅವನೇ ನೋಡಬಲ್ಲನು. ಆದರೆ ನನಗೆ ಗೊತ್ತಿದ್ದು, ಅವನಿಗೆ ಗೊತ್ತಾಗಲಾರದ ದೋಷವನ್ನು ಮುಚ್ಚಿಟ್ಟರೆ, ನಾನು ಕಾರನ್ನು ಮಾರಿದ್ದಲ್ಲದೆ ಅವನ ಅಜ್ಞಾನವನ್ನೂ ಮಾರಿಕೊಂಡ ಹಾಗಾಯಿತು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇರಬಾರದೆಂದು ಧರ್ಮೋಪದೇಶಕಾಂಡ 25ರಲ್ಲಿ ಆಜ್ಞೆಯಿದೆ. ಆ ಕಲ್ಲು ಬಾಯಿ ತೆರೆದು ಸುಳ್ಳಾಡುವದಿಲ್ಲ, ಸುಮ್ಮನೆ ಇರುತ್ತದೆ. ಆದರೂ ಅದು ದೇವರಿಗೆ ಅಸಹ್ಯ. ಹೀಗೆ ಮೌನವೂ ಸುಳ್ಳು ತೂಕವಾಗಬಲ್ಲದು.

ಅನ್ಯರೂ ಇದನ್ನು ಅರಿತಿದ್ದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವದನ್ನು 1892ರಲ್ಲಿ ಬಿ. ಎಲ್. ರೈಸ್ ದೊರೆಗಳು ಕಂಡುಹಿಡಿದರು. ತಂದೆತಾಯಿಗಳಿಗೆ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯವಾದ ಮಾತು, ಇವುಗಳನ್ನು ಕ್ರಿಸ್ತ ಪೂರ್ವ ಮೂರನೆಯ ಶತಮಾನದಲ್ಲಿಯೇ ಅಲ್ಲಿ ಕೊರೆಯಿಸಿದರು. ನ್ಯಾಯಪ್ರಮಾಣವಿಲ್ಲದ ಜನಗಳ ಹೃದಯದಲ್ಲಿಯೂ ಅದರ ಸಾರವು ಬರೆಯಲ್ಪಟ್ಟಿದೆಯೆಂದು ಪೌಲನು ರೋಮಾಪುರದವರಿಗೆ ಬರೆದದ್ದಕ್ಕೆ ನಮ್ಮ ಸೀಮೆಯ ಬಂಡೆಗಳೇ ಸಾಕ್ಷಿ. ಹೀಗಿರಲಾಗಿ, ಸತ್ಯವೇದವನ್ನು ಕೈಯಲ್ಲಿ ಹಿಡಿದ ನಾವು ಬಂಡೆಗಿಂತ ಕಡಿಮೆಯಾದ ಸತ್ಯವನ್ನು ಆಡಬಹುದೇ?

ಆ ಸಹೋದರನು ಬೆಲ್ಟಿನ ಮಾತನ್ನು ಹೇಳಿದನು. ಬೆಲೆ ಇಳಿಯಿತು. ಶುಲ್ಕಕ್ಕೆ ಸಾಲದೆ ಬಂದದ್ದರಿಂದ ಇನ್ನೊಂದು ಕಡೆ ಸಾಲ ಮಾಡಬೇಕಾಯಿತು. ಆ ನಷ್ಟವನ್ನು ದೇವರು ಮರುದಿನವೇ ತುಂಬಿಕೊಟ್ಟನೆಂದು ಬರೆದು ನಿಮ್ಮನ್ನು ಸಂತೋಷಪಡಿಸಲಾರೆವು, ಹಾಗೆ ಆಗಲಿಲ್ಲ. ಸತ್ಯಕ್ಕೆ ಕೆಲವು ಸಾರಿ ಬೆಲೆ ತೆರಬೇಕಾಗುತ್ತದೆ. ಆದರೆ ಅವನ ನಷ್ಟವು ಅವನಲ್ಲಿಯೇ ಉಳಿಯಿತು. ಅದನ್ನು ತನಗಿಂತ ಬಡವನಾದ ಮತ್ತೊಬ್ಬನ ತಲೆಯ ಮೇಲೆ ಅವನು ಇಳಿಸಲಿಲ್ಲ. ಆ ಯೌವನಸ್ಥನು ಮೊದಲು ಬೆಲ್ಟನ್ನು ಬದಲಾಯಿಸಿ ಆಮೇಲೆ ಕಾರನ್ನು ಊರಿಗೆ ಒಯ್ದನು.

ನಾಲ್ಕನೆಯದು, ಹೆಸರಿನ ಸತ್ಯ.

ನಮ್ಮ ಜನರಲ್ಲಿ ಅನೇಕರು ದುಡ್ಡು ಕೊಟ್ಟು, ಬೀಗದ ಕೈ ತೆಗೆದುಕೊಂಡು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ವ್ಯವಹಾರ ತೀರಿತೆಂದು ತಿಳಿಯುತ್ತಾರೆ. ಆರ್.ಸಿ.ಯಲ್ಲಿ ಹಳೆಯ ಯಜಮಾನನ ಹೆಸರೇ ವರುಷಗಟ್ಟಲೆ ಇರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವನು 14 ದಿನದೊಳಗೂ ಕೊಂಡವನು 30 ದಿನದೊಳಗೂ ಆರ್.ಟಿ.ಒ. ಕಚೇರಿಗೆ ತಿಳಿಸತಕ್ಕದ್ದು. ಹೆಸರು ವರ್ಗವಾಗದೆ ಹಲವು ಕೈ ದಾಟಿದ ಒಂದು ಕಾರಿನಿಂದ ಒಂದು ಮಗು ಸತ್ತ ಮೊಕದ್ದಮೆಯಲ್ಲಿ, ಪುಸ್ತಕದಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿತು. ಮಾರಿ ಮರೆತವನ ಬಾಗಿಲಿಗೆ ಸಾವಿನ ಲೆಕ್ಕ ಬಂದದ್ದು ಹೀಗೆ.

ಹೆಸರು ವರ್ಗ ಮಾಡುವದರಿಂದ ಮತ್ತೊಂದು ಪ್ರಯೋಜನವುಂಟು. 2017ರಲ್ಲಿ ಟೊಯೋಟಾ ಸಂಸ್ಥೆಯು 2010ರಿಂದ 2012ರ ವರೆಗೆ ಮಾಡಿದ ಸುಮಾರು 23,000 ಕೊರೋಲಾ ಆಲ್ಟಿಸ್ ಕಾರುಗಳನ್ನು, ಅಪಘಾತದಲ್ಲಿ ಉಬ್ಬಿ ಪ್ರಾಣ ಕಾಯುವ ಗಾಳಿಚೀಲದ ದೋಷವನ್ನು ತಿದ್ದುವದಕ್ಕಾಗಿ ಹಿಂದಕ್ಕೆ ಕರೆಯಿತು. ಇಂಥ ಕರೆಯು ಕಾಗದದಲ್ಲಿರುವ ಹೆಸರನ್ನು ಹುಡುಕಿಕೊಂಡು ಹೋಗುತ್ತದೆ. ಹೆಸರಿಲ್ಲದ ಮೂರನೆಯ ಯಜಮಾನನಿಗೆ ಅದು ಹೇಗೆ ಮುಟ್ಟೀತು? ಹೆಸರನ್ನು ಬರೆಯಿಸುವದೆಂದರೆ, “ಈ ವಸ್ತುವಿಗೆ ನಾನೇ ಜವಾಬುದಾರನು, ನನ್ನನ್ನೇ ಕೇಳಿರಿ” ಎಂದು ಬೆಳಕಿನಲ್ಲಿ ನಿಂತು ಹೇಳುವದು. ಬೆಳಕಿನ ಮಕ್ಕಳಿಗೆ ಅದು ತಕ್ಕದ್ದು.

ಐದನೆಯದು, ನಡಿಸುವ ನಡತೆ.

ಅರಸುಗಳ ಎರಡನೆಯ ಪುಸ್ತಕದ 9ನೆಯ ಅಧ್ಯಾಯದಲ್ಲಿ ಕಾವಲುಗಾರನು ದೂರದಿಂದಲೇ ರಥದ ಓಟವನ್ನು ನೋಡಿ ಬರುವವನು ಯೇಹುವೆಂದು ಗುರುತು ಹಿಡಿದನು. ಯಾಕಂದರೆ ಅವನು ಹುಚ್ಚನಂತೆ ಓಡಿಸುವವನಾಗಿದ್ದನು. ನೋಡಿರಿ, ಮುಖ ಕಾಣುವದಕ್ಕೆ ಮೊದಲೇ ಓಡಿಸುವ ರೀತಿಯಿಂದ ಮನುಷ್ಯನ ಗುಣವು ತಿಳಿಯುತ್ತದೆ. ಈ ಹಳೆಯ ದೊಡ್ಡ ಕಾರುಗಳಲ್ಲಿ ಒಂದು ಮೋಸವುಂಟು. ಅವು ಭಾರವಾಗಿಯೂ ಒಳಗೆ ಸದ್ದಿಲ್ಲದವುಗಳಾಗಿಯೂ ಇರುವದರಿಂದ, ನೂರರ ವೇಗವು ಒಳಗೆ ಕೂತವನಿಗೆ ಅರುವತ್ತರಂತೆ ತೋರುತ್ತದೆ. ಹೊರಗೆ ಕುರಿಮಂದೆಯನ್ನು ದಾಟಿಸುತ್ತಿರುವ ಮುದುಕನಿಗೆ ಅದು ನೂರೇ. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ 22 ಮೀಟರ್ ಹೋಗುತ್ತದೆ. ವೇಗವು ಎರಡರಷ್ಟಾದರೆ ಬ್ರೇಕು ತುಳಿದ ಮೇಲೆ ನಿಲ್ಲಲು ಬೇಕಾದ ದೂರವು ನಾಲ್ಕರಷ್ಟಾಗುತ್ತದೆ. ಇದು ದೇವರು ಸೃಷ್ಟಿಯಲ್ಲಿಟ್ಟ ನಿಯಮ. ಪ್ರಾರ್ಥನೆ ಮಾಡಿ ಹೊರಟವನಿಗೂ ಅದು ಬದಲಾಗುವದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಐದರಲ್ಲೊಬ್ಬರು ಕಾಲ್ನಡೆಯವರು. ಅವರು ಯಾವ ಕಾರನ್ನೂ ಕೊಂಡವರಲ್ಲ.

ಮಕ್ಕಳ ಕೈಗೆ ಬೀಗದ ಕೈ ಕೊಡುವ ತಂದೆಗಳು ಇದನ್ನು ಕೇಳಿಸಿಕೊಳ್ಳಲಿ. ಹದಿನೆಂಟು ತುಂಬದ ಹುಡುಗನು ಓಡಿಸಿ ಅಪರಾಧ ನಡೆದರೆ ತಂದೆಯಾಗಲಿ ಯಜಮಾನನಾಗಲಿ ಮೂರು ವರುಷದ ವರೆಗೆ ಸೆರೆಮನೆಗೂ 25,000 ರೂಪಾಯಿ ದಂಡಕ್ಕೂ ಗುರಿಯಾಗುವನೆಂದು 2019ರಲ್ಲಿ ಕಾಯಿದೆಯನ್ನು ತಿದ್ದಿದರು. ಸೆರೆಮನೆಯ ಭಯದಿಂದಲ್ಲ, ನೆರೆಯವನ ಮೇಲಣ ಪ್ರೀತಿಯಿಂದಲೇ ಇದನ್ನು ಕೈಕೊಳ್ಳಿರಿ.

ಆರನೆಯದು, ನೆರೆಯವನ ಪಾಲು.

ಕಾರಿರುವ ಮನೆಯ ಬಾಗಿಲನ್ನು ಜನರು ರಾತ್ರಿ ತಟ್ಟುತ್ತಾರೆ. ಹಾವು ಕಚ್ಚಿದವನಿರಬಹುದು, ಎದೆನೋವಿನ ಮುದುಕಿ ಇರಬಹುದು. ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಒಯ್ಯಬೇಕಾಗುತ್ತದೆ. ತಟ್ಟುವವನು ನಮ್ಮ ಸಭೆಯವನಲ್ಲದಿರಬಹುದು. ನಮ್ಮ ಅಜ್ಜನಿಗೆ ಕೆರ ಬಿಚ್ಚಿಸಿದ ಮನೆಯವನೂ ಇರಬಹುದು. ಸಮಾರ್ಯದವನು ಗಾಯಪಟ್ಟವನನ್ನು ತನ್ನ ಸ್ವಂತ ವಾಹನದ ಮೇಲೆ ಏರಿಸಿಕೊಂಡು, ತಾನು ಮಗ್ಗುಲಲ್ಲಿ ನಡೆದಿರಬೇಕು. ಛತ್ರದವನಿಗೆ ಕೈಯಿಂದ ದುಡ್ಡು ಕೊಟ್ಟನೇ ಹೊರತು ಬಾಡಿಗೆ ಕೇಳಲಿಲ್ಲ. ಸೀಟಿಗೆ ರಕ್ತ ತಗಲೀತು, ಪೊಲೀಸರು ಪೀಡಿಸಿಯಾರು ಎಂಬ ಅಂಜಿಕೆ ಬೇಡ. ಗಾಯಪಟ್ಟವನಿಗೆ ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವನನ್ನು ಕಾಪಾಡುವ ಕಲಮನ್ನೂ 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ.

ಆದರೆ ಒಂದು ಎಚ್ಚರಿಕೆಯುಂಟು. ಬಿಳಿ ಫಲಕದ ಸ್ವಂತ ಕಾರನ್ನು ಬಾಡಿಗೆಗೆ ಓಡಿಸಕೂಡದು. ಅದಕ್ಕೆ ಪರವಾನಗಿ ಬೇರೆ, ವಿಮೆ ಬೇರೆ. ಸ್ವಂತ ಕಾರಿನ ವಿಮೆಯು ಬಾಡಿಗೆಯ ಓಟವನ್ನು ಒಳಗೊಳ್ಳುವದಿಲ್ಲವಾದ್ದರಿಂದ, ಮದುವೆಗೆ ಬಾಡಿಗೆ ಕೊಟ್ಟು ಹತ್ತಿದವರು ಗಾಯಪಟ್ಟರೆ ಅವರ ಗತಿಯೇನು? ಸಾಕುವ ಖರ್ಚು ತಾಳಲಾರದೆ ಈ ದಾರಿಯನ್ನು ಹಿಡಿಯುವವರು ನಮ್ಮಲ್ಲಿದ್ದಾರೆ. ಅವರ ಕಷ್ಟವನ್ನು ಬಲ್ಲೆವು. ಆದರೂ ಸಾಕಲಾರದ ಕಾರನ್ನು ಮಾರುವದು, ನೆರೆಯವನನ್ನು ಅಪಾಯಕ್ಕೆ ಒಡ್ಡಿ ಅದನ್ನು ಉಳಿಸಿಕೊಳ್ಳುವದಕ್ಕಿಂತ ಉತ್ತಮ. ಎರವಲು ತೆಗೆದುಕೊಳ್ಳುವವರಿಗೂ ಒಂದು ಮಾತು: ಎರವಲು ತಂದ ಪಶುವು ಧನಿಯಿಲ್ಲದಾಗ ಕೆಟ್ಟರೆ ತಂದವನೇ ಬದಲು ಕೊಡತಕ್ಕದ್ದೆಂದು ವಿಮೋಚನಕಾಂಡ 22ರಲ್ಲಿದೆ. ಸಹೋದರನ ಕಾರನ್ನು ಒಯ್ದು, ಮಗ್ಗುಲು ಕೆರೆಸಿಕೊಂಡು ಬಂದು, “ಹಳೆಯದಲ್ಲವೇ” ಎನ್ನುವದು ಕ್ರೈಸ್ತನ ಮಾತಲ್ಲ.

ಕಡೆಯದಾಗಿ, ಹೃದಯದ ಮಾತು.

ಅಬ್ಷಾಲೋಮನು ರಥವನ್ನೂ ಕುದುರೆಗಳನ್ನೂ ಸಂಪಾದಿಸಿ, ತನ್ನ ಮುಂದೆ ಓಡುವದಕ್ಕೆ ಐವತ್ತು ಮಂದಿಯನ್ನು ಇಟ್ಟುಕೊಂಡನು. ಅವನ ರಥದಲ್ಲಿ ಇನ್ನೊಬ್ಬನಿಗೆ ಸ್ಥಳವಿತ್ತೆಂದು ಬರೆದಿಲ್ಲ. ಎಲ್ಲರೂ ಅದರ ಮುಂದೆ ಓಡಬೇಕಾಗಿತ್ತು. ಕಂಚುಕಿಯ ರಥಕ್ಕೂ ಇದಕ್ಕೂ ಇರುವ ಅಂತರವನ್ನು ಧ್ಯಾನಿಸಿರಿ. ಎರಡೂ ಶ್ರೀಮಂತರ ರಥಗಳೇ. ಒಂದು ನಿಂತು ಹತ್ತಿಸಿಕೊಂಡಿತು. ಮತ್ತೊಂದು ಓಡಿಸಿ ಮೆರೆಯಿತು. ಹೆಣ್ಣು ನೋಡಲು ಹೋಗುವಾಗ ಸಾಲದ ಕಾರನ್ನು ಬಾಗಿಲಲ್ಲಿ ನಿಲ್ಲಿಸಿ ಸ್ಥಿತಿವಂತರಂತೆ ತೋರಿಸಿಕೊಳ್ಳುವದು, ಹೊರೆ ಹೊತ್ತು ನಡೆಯುವವರಿಗೆ ದೂಳೆಬ್ಬಿಸಿ ಹಾರನ್ ಒತ್ತುವದು, ಪ್ರಾರ್ಥನಾಲಯದ ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸುವದು, ಇವು ಅಬ್ಷಾಲೋಮನ ರಥದ ಗುರುತುಗಳು.

ಆದಕಾರಣ, ಕಾರನ್ನು ಕೊಳ್ಳಲು ಮನಸ್ಸುಳ್ಳ ಸಹೋದರನೇ, ದಲ್ಲಾಳಿಗೆ ಮುಂಗಡ ಕೊಡುವದಕ್ಕೆ ಮೊದಲು ಮನೆಯವರ ಸಂಗಡ ಕೂತು ನಿನ್ನನ್ನು ನೀನೇ ಕೇಳಿಕೋ. ಕೊಂಡ ಮೇಲೆ ಬ್ರೇಕಿಗೂ ಟೈರಿಗೂ ವಿಮೆಗೂ ಹಣ ಉಳಿಯುವದೋ? ನನ್ನ ಹೆಸರಿನಲ್ಲಿಯೇ ಬರೆಯಿಸಿಕೊಳ್ಳುವೆನೋ? ಇದರ ದೋಷವನ್ನು ಮುಂದಿನವನಿಗೆ ಬಾಯಿಬಿಟ್ಟು ಹೇಳುವ ಧೈರ್ಯ ನನಗುಂಟೋ? ಅರ್ಧರಾತ್ರಿ ಬಾಗಿಲು ತಟ್ಟಿದವನಿಗೆ ಎದ್ದು ಬರುವೆನೋ? ಇವುಗಳಿಗೆ ಹೌದೆಂದು ಹೇಳಬಲ್ಲವನು ನಿರ್ಭಯವಾಗಿ ಕೊಳ್ಳಲಿ. ಅವನ ತಾಯಿ ಮುಂದಿನ ಸೀಟಿನಲ್ಲಿ ಕೂತು ಸಂತೋಷಪಡಲಿ. ಹಿರಿಯರು ಅವನನ್ನು ಗೊಣಗಬಾರದು. ಹೇಳಲಾರದವನು ಇನ್ನು ಕೆಲವು ವರುಷ ಬಸ್ಸಿನಲ್ಲಿಯೇ ಹೋಗಲಿ. ಅದರಿಂದ ಅವನ ಮಾನಕ್ಕೆ ಏನೂ ಕುಂದಿಲ್ಲ. ಈಗಾಗಲೇ ಕೊಂಡಿರುವವನು ನಾಳೆಯೇ ಟೈರಿನ ಅಂಕೆಯನ್ನು ಬಗ್ಗಿ ನೋಡಲಿ.

ನಮ್ಮ ಕೈಗೆ ಬಂದದ್ದೆಲ್ಲಾ, ಹೊಸದಾಗಲಿ ಹಳೆಯದಾಗಲಿ, ಕರ್ತನು ಲೆಕ್ಕ ಕೇಳುವ ವರೆಗೆ ನಮ್ಮ ವಶಕ್ಕೆ ಕೊಟ್ಟದ್ದೇ. ಸ್ವಲ್ಪದರಲ್ಲಿ ನಂಬಿಗಸ್ತರಾಗಿರುವ ಕೃಪೆಯನ್ನು ಆತನು ನಮ್ಮ ಎಲ್ಲಾ ಸಭೆಗಳಿಗೂ ದಯಪಾಲಿಸಲಿ; ನಮ್ಮ ಹೆದ್ದಾರಿಯಲ್ಲಿ ಹೋಗುವವರನ್ನೂ ಬರುವವರನ್ನೂ ಕಾಪಾಡಲಿ. ಆಮೆನ್.